ಬಡಾವಣೆಯ ಮನೆಗೆ ಹೊಗೆ ಕಡಿಮೆ ಇರುವ ನೀರೊಲೆ: ಬಳಸಿದವರ ಅನುಭವ

ಕೇಳಿದವರು: ಮೈಸೂರು, ವಿಜಯನಗರ

ನಮ್ಮದು 30×40 ನಿವೇಶನದ ಮನೆ. ಹಿತ್ತಿಲಿನ ಬಚ್ಚಲಿಗೆ ಹೊಂದಿಕೊಂಡಂತೆ ತಾಮ್ರದ ಹಂಡೆ ಕೂರಿಸಿದ ನೀರೊಲೆ ಇದೆ. ಮದ್ದೂರಿನ ಕಡೆಯ ತೋಟದಿಂದ ತೆಂಗಿನ ಮಟ್ಟೆ, ಕರಟ, ಸರ್ವೆ ಕಟ್ಟಿಗೆ ಧಾರಾಳವಾಗಿ ಬರುವುದರಿಂದ ಸೌದೆ ಒಲೆಯನ್ನು ಬಿಡುವ ಮನಸ್ಸಿಲ್ಲ. ಸೋಲಾರ್ ಹೀಟರ್ ಇದ್ದರೂ ಮೋಡದ ದಿನಗಳಲ್ಲಿ ಐದು ಜನರ ಸ್ನಾನಕ್ಕೆ ಅದು ಸಾಲುವುದಿಲ್ಲ. ಈಗ ಬಡಾವಣೆಯ ನಿವಾಸಿಗಳ ಸಂಘದವರು ಕಣ್ಣಿಗೆ ಕಾಣುವಷ್ಟು ಹೊಗೆ ಬರುವಂತೆ ಯಾರೂ ಒಲೆ ಉರಿಸಬಾರದೆಂದು ತೀರ್ಮಾನಿಸಿದ್ದಾರೆ. ಪಕ್ಕದ ಮನೆಯಲ್ಲಿ ಉಬ್ಬಸದ ತೊಂದರೆಯಿರುವ ಮಗುವಿದೆ, ಆದ್ದರಿಂದ ಅವರ ಮಾತು ನ್ಯಾಯವಾದದ್ದೇ. ಚಿಮಣಿ ಹಾಕಿಸಿದರೆ ಸಾಕೇ, ಫ್ಯಾನ್ ಇರುವ ಒಲೆ ಕೊಳ್ಳಬೇಕೇ, ಅಥವಾ ಈ ಒಲೆಯನ್ನು ಕಿತ್ತು ಬೇರೆ ಕಟ್ಟಿಸಬೇಕೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಪಾಂಡವಪುರದಿಂದ

ಚಿಮಣಿಯೊಂದರಿಂದ ನಿಮ್ಮ ತೊಂದರೆ ತೀರುವುದಿಲ್ಲ. ಚಿಮಣಿ ನಿಮ್ಮ ಬಚ್ಚಲಿನ ಹೊಗೆಯನ್ನು ಎತ್ತಿ ಹೊರಗೆ ಬಿಡುತ್ತದೆ. ಹೊಗೆ ಹುಟ್ಟುವುದನ್ನು ಅದು ತಡೆಯುವುದಿಲ್ಲ. ತೋಟದ ಮನೆಯಲ್ಲಿ ಅಷ್ಟಾದರೆ ಸಾಕು, ಆದರೆ ಗೋಡೆಗೆ ಗೋಡೆ ತಾಗಿರುವ ಬಡಾವಣೆಯಲ್ಲಿ ಅದೇ ಹೊಗೆ ಪಕ್ಕದ ಮನೆಯ ಕಿಟಕಿಯೊಳಗೆ ಇಳಿಯುತ್ತದೆ. ಆದ್ದರಿಂದ ಹೊಗೆ ಒಲೆಯೊಳಗೇ ಉರಿದುಹೋಗುವಂತೆ ಮಾಡುವುದು ಹೇಗೆಂಬುದನ್ನು ಮೊದಲು ನೋಡಬೇಕು. ಅದಕ್ಕೆ ಯಾವ ಒಲೆ ಎನ್ನುವುದಕ್ಕಿಂತ ಎಂಥ ಸೌದೆ ಎನ್ನುವುದೇ ಮುಖ್ಯವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಮ್ಮದು ಆಲೆಮನೆ ನಡೆಸುವ ಕುಟುಂಬ. ಗಾಣದಿಂದ ಹೊರಬಿದ್ದ ಹಸಿ ಕಬ್ಬಿನ ಸಿಪ್ಪೆಯನ್ನು ಬಯಲಿನಲ್ಲಿ ಹರವಿ, ಮಗುಚಿ, ಚೆನ್ನಾಗಿ ಒಣಗಿಸಿದ ಮೇಲೆಯೇ ಕೊಪ್ಪರಿಗೆಯ ಒಲೆಗೆ ಉಣಿಸುತ್ತೇವೆ. ಮೋಡ ಕವಿದ ವಾರ ಅರೆ ಒಣಗಿದ ಸಿಪ್ಪೆ ಹಾಕಬೇಕಾಗಿ ಬಂದಾಗ ಚಿಮಣಿಯಿಂದ ದಟ್ಟವಾದ ಬಿಳಿ ಹೊಗೆ ಏಳುತ್ತದೆ, ಕೊಪ್ಪರಿಗೆಯಲ್ಲಿರುವ ಕಬ್ಬಿನ ಹಾಲು ಕುದಿಗೆ ಬರುವುದು ತಡವಾಗುತ್ತದೆ. ಬಿಸಿಲು ಬಿದ್ದು ಗರಿಗರಿಯಾದ ಸಿಪ್ಪೆ ಬಂದ ಕೂಡಲೇ ಅದೇ ಚಿಮಣಿಯ ತುದಿಯಲ್ಲಿ ಕಾವಿಗೆ ಗಾಳಿ ನಡುಗುವುದಷ್ಟೇ ಕಾಣುತ್ತದೆ. ಒಲೆ ಅದೇ, ಉಣಿಸುವವನೂ ಅವನೇ.

ಕಾರಣ ಸರಳವಾಗಿದೆ. ಒಣ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕಾದಾಗ ಅನಿಲವಾಗಿ ಹೊರಬರುತ್ತದೆ. ನಾವು ಜ್ವಾಲೆ ಎನ್ನುವುದು ಆ ಅನಿಲ ಉರಿಯುವುದನ್ನೇ. ಅದು ಪೂರ್ತಿ ಉರಿಯಲು ಸುಮಾರು 600 ಡಿಗ್ರಿಗಿಂತ ಹೆಚ್ಚಿನ ಕಾವು, ಸಾಕಷ್ಟು ಗಾಳಿ ಮತ್ತು ಉರಿದು ಮುಗಿಯುವಷ್ಟು ಜಾಗ ಬೇಕು. ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಉಳಿದ ಅನಿಲ ಹೊಗೆಯಾಗಿ, ಮಸಿಯಾಗಿ ಹೊರಟುಹೋಗುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕಿಲೋ ಕಟ್ಟಿಗೆಯನ್ನು ಒಲೆಗೆ ಹಾಕಿದರೆ ನಿಮ್ಮ ಹಂಡೆಯ ನೀರು ಕಾಯುವುದಕ್ಕೆ ಮೊದಲು ಅದರೊಳಗಿನ ಅರ್ಧ ಲೀಟರ್ ನೀರು ಕುದಿದು ಆವಿಯಾಗಬೇಕು, ಆ ಹೊತ್ತಿನವರೆಗೂ ಒಲೆ ಕಾವೇರುವುದಿಲ್ಲ.

ಸೌದೆಯನ್ನು ಮಣಿಕಟ್ಟಿಗಿಂತ ದಪ್ಪವಿಲ್ಲದಂತೆ ಸೀಳಿ, ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಪೇರಿಸಿ, ಮೇಲೆ ಮಾತ್ರ ಶೀಟು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ. ಸುತ್ತಲೂ ಟಾರ್ಪಾಲಿನ್ ಬಿಗಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಮೈಸೂರಿನಲ್ಲಿ ಮೇ ತಿಂಗಳಲ್ಲಿಯೂ ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೂ ಮಳೆ ಜೋರಾಗಿರುವುದರಿಂದ ಡಿಸೆಂಬರ್, ಜನವರಿಯಲ್ಲಿಯೇ ಕಡಿಸಿ ಸೀಳಿಸುವುದು ಒಳ್ಳೆಯದು. ಒಣಗಿತೇ ಎಂದು ತಿಳಿಯಲು ಉಪಕರಣ ಬೇಕೇಬೇಕೆಂದೇನೂ ಇಲ್ಲ: ಒಂದು ಸೀಳಿಗೆ ಸೀಮೆಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯುವುದು ನಿಂತಾಗ ಅದು ಒಲೆಗೆ ಸಿದ್ಧವಾಗಿದೆ ಎಂದರ್ಥ. ಒಣ ಸೀಳುಗಳನ್ನು ಒಂದಕ್ಕೊಂದು ಬಡಿದರೆ ಠಣ್ಣನೆ ಸದ್ದಾಗುತ್ತದೆ, ತುದಿಯಲ್ಲಿ ನಡುವಿನಿಂದ ಹೊರಗೆ ಬಿರುಕು ಬಿಟ್ಟಿರುತ್ತದೆ.

ಇನ್ನು ನಿಮ್ಮ ಹಂಡೆಯ ವಿಷಯ. ಹಳೆಯ ನೀರೊಲೆಗಳಲ್ಲಿ ಹಂಡೆಯ ಹೊಟ್ಟೆ ಬೆಂಕಿಯ ಮೇಲೇ ಕೂತಿರುತ್ತದೆ. ಒಳಗೆ ನೀರಿರುವ ತನಕ ತಾಮ್ರ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ. ಎಳೆಯ ಜ್ವಾಲೆ ಆ ತಣ್ಣನೆಯ ಲೋಹಕ್ಕೆ ತಾಗಿದ ಕೂಡಲೇ ಆರಿ ಮಸಿ ಕಟ್ಟುತ್ತದೆ. ನಡುವೆ ಕೊಳವೆಯಿದ್ದು ಸುತ್ತಲೂ ನೀರು ನಿಲ್ಲುವ ತಾಮ್ರದ ಬಾಯ್ಲರ್‌ಗಳಲ್ಲಿಯೂ ಇದೇ ದೋಷವಿದೆ. ಆದ್ದರಿಂದ ಒಲೆಯನ್ನು ಹೊಸದಾಗಿ ಕಟ್ಟಿಸುವುದಾದರೆ ಬೆಂಕಿಗೂ ಹಂಡೆಗೂ ನಡುವೆ ಸುಮಾರು ಒಂದು ಅಡಿಯಷ್ಟು ಎತ್ತರದ, ಕಾವು ಹಿಡಿದಿಡುವ ಇಟ್ಟಿಗೆಯ ಗೂಡು ಬರಲಿ. ಜ್ವಾಲೆ ಅಲ್ಲಿ ಉರಿದು ಮುಗಿದು ಬಿಸಿ ಗಾಳಿ ಮಾತ್ರ ಹಂಡೆಯನ್ನು ಮುಟ್ಟಲಿ. ರಾಕೆಟ್ ಒಲೆ ಎಂದು ಮಾರುವ ಒಲೆಗಳ ಒಳಗುಟ್ಟು ಇದೇ. ಗೂಡಿನ ಸುತ್ತ ಹೊರಗೋಡೆ ಎಬ್ಬಿಸಿ ನಡುವಿನ ಸಂದಿಗೆ ಭತ್ತದ ಹೊಟ್ಟಿನ ಬೂದಿ ತುಂಬಿಸಿ. ಮಂಡ್ಯ ಜಿಲ್ಲೆಯ ಅಕ್ಕಿ ಗಿರಣಿಗಳಲ್ಲಿ ಅದು ಸಿಗುತ್ತದೆ, ಕಾವನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಒಳಮೈಗೆ ಸಿಮೆಂಟು ಬೇಡ, ಕಾವಿಗೆ ಬಿರಿಯುತ್ತದೆ. ಹುತ್ತದ ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿಸಿ. ಸೌದೆ ಕಬ್ಬಿಣದ ಜಾಲರಿಯ ಮೇಲಿರಲಿ, ಗಾಳಿ ಕೆಳಗಿನಿಂದ ಬರಲಿ. ಹಂಡೆಯ ಸುತ್ತ ಗೋಡೆಗೆ ಒಂದು ಬೆರಳಿನಷ್ಟು ಮಾತ್ರ ಸಂದಿ ಬಿಟ್ಟರೆ ಬಿಸಿ ಗಾಳಿ ಹಂಡೆಯ ಮೈ ಸವರಿಕೊಂಡೇ ಹೋಗಿ ಚಿಮಣಿ ಸೇರುತ್ತದೆ.

ಇದರಿಂದ ಎಷ್ಟು ಉಳಿತಾಯವಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. 80 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 6.7 ಮೆಗಾಜೂಲ್ ಶಾಖ ಬೇಕು. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ಅದರಲ್ಲಿ ನೂರಕ್ಕೆ 15 ಪಾಲು ಮಾತ್ರ ನೀರಿಗೆ ತಲುಪುವ ಒಲೆಯಾದರೆ ಮೂರು ಕಿಲೋದ ಹತ್ತಿರ ಸೌದೆ ಬೇಕು, 40 ಪಾಲು ತಲುಪಿದರೆ ಒಂದು ಕಿಲೋ ಚಿಲ್ಲರೆ ಸಾಕು. ಉರಿಸುವ ಸೌದೆ ಮೂರನೆಯ ಒಂದು ಪಾಲಿಗೆ ಇಳಿದರೆ ಹೊಗೆಯೂ ಇಳಿಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅಳವಡಿಸುವ ಅಸ್ತ್ರ ವಿಭಾಗದವರು ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ನಮ್ಮ ಸೀಮೆಯ ಹಿರಿಯರು ಬಲ್ಲರು. ಜಾಲರಿ, ಮುಚ್ಚಿದ ಗೂಡು, ಅಳತೆಯ ದಾರಿ, ಚಿಮಣಿ ಎಲ್ಲವೂ ಅದರಲ್ಲಿದ್ದವು. ದೊಡ್ಡ ದಿಮ್ಮಿ ತುರುಕಲು ಒಲೆಯ ಬಾಯಿ ಅಗಲಿಸಿದ ಮನೆಗಳಲ್ಲಿಯೂ ಚಿಮಣಿಯ ಮಸಿ ತೆಗೆಯದ ಮನೆಗಳಲ್ಲಿಯೂ ಅದು ಕೆಟ್ಟಿತು. ನೀವು ಕಟ್ಟಿಸಿದರೆ ಮೇಸ್ತ್ರಿ ಹಾಕಿದ ಅಳತೆಗೆ ಕೈ ಹಚ್ಚಬೇಡಿ.

ಮೈಸೂರು, ಕುವೆಂಪುನಗರದಿಂದ

ಪಾಂಡವಪುರದವರು ಹೇಳಿದ್ದನ್ನು ಒಪ್ಪುತ್ತೇನೆ. ಫ್ಯಾನ್ ಒಲೆಯ ಬಗ್ಗೆ ಮಾತ್ರ ನಾನು ಸೇರಿಸಬಲ್ಲೆ, ಏಕೆಂದರೆ ನಮ್ಮ ಮನೆಯಲ್ಲಿ ಮುದ್ದೆಗೂ ಹುರುಳಿಕಾಳು ಬೇಯಿಸಲಿಕ್ಕೂ ಅದನ್ನೇ ಹೊರ ಅಂಗಳದಲ್ಲಿ ಬಳಸುತ್ತಿದ್ದೇವೆ. ಪುಟ್ಟ ಫ್ಯಾನು ಒಲೆಯ ಮೇಲ್ಭಾಗದ ರಂಧ್ರಗಳಿಂದ ಎರಡನೆಯ ಸಲ ಗಾಳಿಯನ್ನು ಜ್ವಾಲೆಗೆ ನುಗ್ಗಿಸುತ್ತದೆ. ಸರಿಯಾಗಿ ಹೊತ್ತಿಕೊಂಡ ಮೇಲೆ ಪಾತ್ರೆಯ ತಳದಲ್ಲಿ ಮಸಿ ಕೂಡ ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಇದಕ್ಕೆ ಹೆಬ್ಬೆರಳಿನಷ್ಟು ಸಣ್ಣಗೆ ತುಂಡರಿಸಿದ ಒಣ ಚಕ್ಕೆ ಬೇಕು. ಕರಟವನ್ನು ಒಡೆದು ಹಾಕಿದರೆ ಬಹಳ ಚೆನ್ನಾಗಿ ಉರಿಯುತ್ತದೆ. ತೆಂಗಿನ ಮಟ್ಟೆ ಇದಕ್ಕೆ ಸರಿಹೋಗದು. ಕತ್ತರಿಸುವ ಶ್ರಮವನ್ನು ದಿನವೂ ಯಾರು ಪಡುತ್ತಾರೆಂದು ಮನೆಯವರನ್ನು ಕೇಳದೆ ಇಂಥ ಒಲೆ ಕೊಳ್ಳಬೇಡಿ. ಕಂಪನಿಯ ಪೆಲೆಟ್ (ಮರದ ಪುಡಿ, ಹೊಟ್ಟು ಒತ್ತಿ ಮಾಡಿದ ಗುಳಿಗೆ) ಮಾತ್ರ ಉರಿಯುವ ಒಲೆಯಾದರೆ, ಪೆಲೆಟ್ ಸರಬರಾಜು ನಿಂತರೆ ಒಲೆ ಅಟ್ಟ ಸೇರುತ್ತದೆ. 80 ಲೀಟರಿನ ಹಂಡೆಗೆ ಪೇಟೆಯ ಸಣ್ಣ ಫ್ಯಾನ್ ಒಲೆ ಸಾಲುವುದೂ ಇಲ್ಲ.

ಸಿದ್ಧ ಒಲೆ ಕೊಳ್ಳುವವರು ಐಎಸ್ 13152 ಎಂಬ ಭಾರತೀಯ ಮಾನಕದ ಗುರುತು ಇದೆಯೇ ಎಂದು ನೋಡಿ. 2013ರ ಪರಿಷ್ಕೃತ ಮಾನಕದ ಪ್ರಕಾರ ಫ್ಯಾನ್ ಇಲ್ಲದ ಒಲೆ ಶಾಖದಲ್ಲಿ ಕನಿಷ್ಠ 25 ಪ್ರತಿಶತವನ್ನೂ ಫ್ಯಾನ್ ಇರುವುದು ಕನಿಷ್ಠ 35 ಪ್ರತಿಶತವನ್ನೂ ಪಾತ್ರೆಗೆ ತಲುಪಿಸಬೇಕು. ಪಾತ್ರೆಗೆ ತಲುಪಿದ ಪ್ರತಿ ಮೆಗಾಜೂಲ್ ಶಾಖಕ್ಕೆ ಹೊರಬೀಳುವ ಕಣಗಳು ಮೊದಲನೆಯದರಲ್ಲಿ 350 ಮಿಲಿಗ್ರಾಂ, ಎರಡನೆಯದರಲ್ಲಿ 150 ಮಿಲಿಗ್ರಾಂ ಮೀರಬಾರದು. ಅಂಗಡಿಯವರು ‘ಹೊಗೆಯೇ ಇಲ್ಲ’ ಎನ್ನುವುದಕ್ಕಿಂತ ಪರೀಕ್ಷೆಯ ವರದಿಯಲ್ಲಿರುವ ಈ ಎರಡು ಅಂಕಿಗಳನ್ನು ತೋರಿಸಲು ಹೇಳಿ.

ಹೊತ್ತಿಸುವ ಕ್ರಮಕ್ಕೂ ಗಮನ ಕೊಡಿ, ಏಕೆಂದರೆ ನೆರೆಯವರಿಗೆ ಕಾಣುವ ಹೊಗೆಯ ಬಹುಪಾಲು ಮೊದಲ ಹತ್ತು ನಿಮಿಷಗಳದ್ದೇ. ದಪ್ಪ ಸೀಳು ಕೆಳಗೆ, ಸಣ್ಣ ಕಡ್ಡಿ ಮೇಲೆ ಇಟ್ಟು, ಬೆಂಕಿಯನ್ನು ಮೇಲಿನಿಂದ ಹಚ್ಚಿದರೆ ಕೆಳಗಿನಿಂದ ಏಳುವ ಅನಿಲ ಜ್ವಾಲೆಯ ಮೂಲಕವೇ ಹಾದುಹೋಗಿ ಉರಿಯುತ್ತದೆ. ಉರಿ ನಿಂತ ಮೇಲೆ ಕೊಳ್ಳಿಯ ತುದಿ ಮಾತ್ರ ಉರಿಯುವಂತೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಿರಬೇಕು. ಒಮ್ಮೆಗೇ ತುಂಬಿಟ್ಟು ವಾಕಿಂಗ್‌ಗೆ ಹೊರಟುಬಿಡುವ ಅಭ್ಯಾಸವಿದ್ದವರ ಮನೆಯಲ್ಲಿ ಯಾವ ಒಲೆಯೂ ಹೊಗೆಯಾಡದೆ ಇರದು.

ಮಂಡ್ಯದವರು, ಈಗ ಬರ್ಮಿಂಗ್‌ಹ್ಯಾಮ್‌ನಿಂದ

ಕಾನೂನೇ ಹೊಗೆಗೆ ಮಿತಿ ಹಾಕಿರುವ ಊರಿನಲ್ಲಿ ನಾನಿರುವುದರಿಂದ ಇಲ್ಲಿಯ ಕ್ರಮವನ್ನು ತಿಳಿಸುತ್ತೇನೆ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜಿನಿಂದ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದಿತು. ಅದರಿಂದ ಹುಟ್ಟಿದ ಹೊಗೆ ನಿಯಂತ್ರಣ ಪ್ರದೇಶಗಳು ಇಂದಿಗೂ ಇವೆ, ಬರ್ಮಿಂಗ್‌ಹ್ಯಾಮ್ ನಗರವಿಡೀ ಅಂಥ ಪ್ರದೇಶ. ಇಲ್ಲಿ ಸೌದೆ ಉರಿಸಬೇಕಾದರೆ ಸರ್ಕಾರ ಪರೀಕ್ಷಿಸಿ ವಿನಾಯಿತಿ ಕೊಟ್ಟ ಒಲೆಯೇ ಬೇಕು, ತಪ್ಪಿದರೆ 300 ಪೌಂಡ್‌ವರೆಗೆ ದಂಡವಿದೆ. ನಿಮ್ಮ ಪ್ರಶ್ನೆಗೆ ಉಪಯೋಗವಾಗುವ ಎರಡು ವಿಷಯಗಳಿವೆ. ವಿನಾಯಿತಿ ಪಡೆದ ಅನೇಕ ಒಲೆಗಳಲ್ಲಿ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಲಾಗದಂತೆ ಒಂದು ತಡೆಯನ್ನು ಕೂರಿಸಿರುತ್ತಾರೆ, ಏಕೆಂದರೆ ಗಾಳಿ ಕಟ್ಟಿ ಸೌದೆಯನ್ನು ನಿಧಾನವಾಗಿ ಕೊರಗಿಸಿದಾಗಲೇ ಹೊಗೆ ಅತಿ ಹೆಚ್ಚು. ನಮ್ಮಲ್ಲಿ ನೀರು ಬಿಸಿಯಾಗಿಯೇ ಉಳಿಯಲೆಂದು ಒಲೆಯ ಬಾಯಿಗೆ ತಗಡು ಅಡ್ಡವಿಡುವವರು ಇದನ್ನು ಗಮನಿಸಬೇಕು. ಇನ್ನೊಂದು, 2021ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ 20 ಪ್ರತಿಶತ ಮೀರುವಂತಿಲ್ಲ. ಒಲೆಯನ್ನು ಪರೀಕ್ಷಿಸಿ ಒಪ್ಪಿದ ದೇಶವೇ ಸೌದೆಗೂ ಮಿತಿ ಹಾಕಬೇಕಾಗಿ ಬಂದದ್ದು ಪಾಂಡವಪುರದವರ ಮಾತನ್ನೇ ಗಟ್ಟಿ ಮಾಡುತ್ತದೆ.

ನಮ್ಮ ದೇಶದಲ್ಲಿಯೂ ವಾಯುಮಾಲಿನ್ಯ ಕುರಿತ 1981ರ ಕಾಯ್ದೆಯ 19ನೆಯ ಕಲಮು, ಘೋಷಿತ ಪ್ರದೇಶದಲ್ಲಿ ಇಂಥ ಇಂಧನ ಬೇಡ, ಒಪ್ಪಿಗೆಯಿಲ್ಲದ ಉಪಕರಣ ಬೇಡ ಎನ್ನುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಿಮ್ಮ ಸಂಘದವರದು ನೆರೆಹೊರೆಯ ಒಪ್ಪಂದ. ಆದರೂ ಅದನ್ನು ಅಷ್ಟೇ ಗೌರವದಿಂದ ಪಾಲಿಸುವುದು ಆ ಮಗುವಿನ ದೃಷ್ಟಿಯಿಂದ ಅಗತ್ಯ.

ಮಂಡ್ಯದಿಂದ

ಯಾರೂ ಹೇಳದ ಒಂದು ಅಪಾಯವಿದೆ. ಹೊಗೆ ಕಾಣದಿದ್ದ ಮಾತ್ರಕ್ಕೆ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಿಲ್ಲವೆಂದು ತಿಳಿಯಬಾರದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿ ಇಳಿದು ಕೆಂಡ ಮಾತ್ರ ಉಳಿದಾಗ ಅದು ಹೆಚ್ಚಾಗಿಯೇ ಬರುತ್ತದೆ. ಚಿಮಣಿಯಿಲ್ಲದ ಒಲೆಯನ್ನು, ಅದು ಎಷ್ಟೇ ಬೆಲೆಯದಾಗಿರಲಿ, ಬಚ್ಚಲಿನ ಒಳಗಿಟ್ಟು ಬಾಗಿಲು ಹಾಕಿಕೊಂಡು ಸ್ನಾನ ಮಾಡಬೇಡಿ. ಒಲೆಯ ಬಾಯಿ ಹೊರಗಿರಲಿ.

ಚಿಮಣಿಯ ತುದಿ ನಿಮ್ಮ ತಾರಸಿಯ ಕೈಪಿಡಿ ಗೋಡೆಯನ್ನು ದಾಟಿದರೆ ಸಾಲದು, ಪಕ್ಕದ ಮನೆಯ ಮೇಲಂತಸ್ತಿನ ಕಿಟಕಿಗಿಂತಲೂ ಎತ್ತರವಿರಬೇಕು. ಒಲೆಗೆ ಹತ್ತಿರದ ಭಾಗಕ್ಕೆ ಜಿಐ ಪೈಪು ಹಾಕಿಸಬೇಡಿ, ಅದರ ಸತುವಿನ ಲೇಪ ಹೆಚ್ಚು ಕಾವಿಗೆ ವಿಷದ ಆವಿ ಬಿಡುತ್ತದೆ. ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಹಳೆಯ ಕಲ್ನಾರಿನ ಪೈಪು ಇದ್ದರೆ ಅದನ್ನು ಕೊಯ್ಯಲು, ಕೊರೆಯಲು ಹೋಗಬೇಡಿ, ಆ ಧೂಳು ಶ್ವಾಸಕೋಶಕ್ಕೆ ಮಾರಕ. ಬುಡದಲ್ಲಿ ಬಿಚ್ಚಬಹುದಾದ ಮುಚ್ಚಳವೊಂದನ್ನು ಇಡಿಸಿದರೆ ಎರಡು ಅನುಕೂಲಗಳಿವೆ: ತಿಂಗಳಿಗೊಮ್ಮೆ ಹಗ್ಗಕ್ಕೆ ತೆಂಗಿನ ನಾರಿನ ಸಿಂಬಿ ಕಟ್ಟಿ ಮೇಲಿನಿಂದ ಇಳಿಬಿಟ್ಟು ಉಜ್ಜಿದಾಗ ಮಸಿ ಅಲ್ಲಿಂದ ಹೊರಬರುತ್ತದೆ, ಚಳಿಗಾಲದ ಬೆಳಗಿನಲ್ಲಿ ಒಲೆ ಹೊತ್ತಿಸುವ ಮುಂಚೆ ಒಂದು ಹಿಡಿ ಒಣ ಗರಿಯನ್ನು ಅದೇ ಕಿಂಡಿಯಲ್ಲಿ ಉರಿಸಿ ಚಿಮಣಿಯನ್ನು ಬೆಚ್ಚಗೆ ಮಾಡಿಕೊಂಡರೆ ಮೊದಲ ಕಡ್ಡಿಯಿಂದಲೇ ಎಳೆತ ಸಿಗುತ್ತದೆ. ಉಜ್ಜಿದಾಗ ಬರುವ ಮಸಿಯನ್ನು ನೋಡಿ: ಒಣ ಪುಡಿಯಾಗಿದ್ದರೆ ಉರಿ ಸರಿಯಾಗಿದೆ, ಟಾರಿನಂತೆ ಅಂಟಾಗಿದ್ದರೆ ಸೌದೆ ಇನ್ನೂ ಹಸಿಯಿದೆ, ಆ ರಾಶಿಯನ್ನು ಮುಂದಿನ ಬೇಸಿಗೆಗೆ ಬಿಟ್ಟು, ಅಲ್ಲಿಯವರೆಗೆ ಕರಟ ಉರಿಸಿ.