ಮನೆಯ ರೈಲು ಲೇಔಟ್ ಕತ್ತರಿಸಿ ಮೇಳಕ್ಕೆ ಒಯ್ಯಬೇಕೋ, ಹೊಸದು ಕಟ್ಟಬೇಕೋ?

ಘಾಟಿಗಾಡಿ:
ನಮ್ಮ ಮನೆಯ ಮಹಡಿಯಲ್ಲಿ 12 ಅಡಿ ಉದ್ದ, ಎರಡೂವರೆ ಅಡಿ ಅಗಲದ ಎಚ್‌ಓ ಲೇಔಟ್ ಇದೆ, ಅಂದರೆ ಹಲಗೆಯ ಮೇಲೆ ಕಟ್ಟಿದ ಮಾಡೆಲ್ ರೈಲಿನ ಹಳಿ, ದೃಶ್ಯ. ಹೊಸಬರಿಗೆ ಹೇಳುವುದಾದರೆ ಎಚ್‌ಓ ಅಂದರೆ 1:87 ಅಳತೆ, ಹಳಿಯ ಅಗಲ 16.5 ಮಿ.ಮೀ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಯಡಕುಮರಿ ಸ್ಟೇಷನ್ನನ್ನು ಮನಸ್ಸಲ್ಲಿಟ್ಟುಕೊಂಡು ಕಟ್ಟಿದ್ದು. ಎರಡು ತುದಿಗೂ ಸುರಂಗ, ನಡುವೆ ಒಂದು ಸೇತುವೆ, ಗಾಡಿ ಬದಿಗೆ ನಿಲ್ಲುವ ಲೂಪ್ ಲೈನ್, ಹತೋಟಿ ತಪ್ಪಿದ ಗಾಡಿಯನ್ನು ಹಿಡಿಯುವ ಒಂದು ಕ್ಯಾಚ್ ಸೈಡಿಂಗ್. ಇಲ್ಲಿನ ಒಂದು ಕಾಲೇಜಿನವರು ಡಿಸೆಂಬರ್‌ನ ವಿಜ್ಞಾನ ಮೇಳಕ್ಕೆ ತನ್ನಿ ಅಂತಿದ್ದಾರೆ. ಆದರೆ ಹಲಗೆ ಒಂದೇ ಉದ್ದಕ್ಕಿದೆ, ಮೆಟ್ಟಿಲಲ್ಲಿ ಇಳಿಯುವುದಿಲ್ಲ. ಕತ್ತರಿಸಿ ಮೂರು ತುಂಡು ಮಾಡಲೇ? ಇಲ್ಲ, ಮೇಳಕ್ಕೇ ಅಂತ ಚಿಕ್ಕದೊಂದು ಹೊಸದಾಗಿ ಕಟ್ಟಲೇ? ಜೊತೆಗಿರುವುದು ನಾನು ಮತ್ತು ನನ್ನ ತಮ್ಮ, ಇಬ್ಬರೇ.

ಪಾಯಿಂಟ್ಸ್‌ಮನ್:
ಕತ್ತರಿಸಿ. ನಾಲ್ಕಡಿಯ ಮೂರು ತುಂಡು ಲಿಫ್ಟಿಗೂ ಹೋಗುತ್ತದೆ, ಟಾಟಾ ಏಸ್‌ಗೂ ಹೋಗುತ್ತದೆ. ಆದರೆ ಗರಗಸ ಕೊನೆಗೆ ಬರಬೇಕು. ಮೊದಲು ಕತ್ತರಿಸುವ ಜಾಗದ ಕೆಳಗೆ ಎರಡು ಅಡ್ಡಪಟ್ಟಿ ಬೆನ್ನಿಗೆ ಬೆನ್ನು ತಾಗಿಸಿ ಹಾಕಿ. ಎರಡಕ್ಕೂ ಸೇರಿಸಿ ಒಂದೇ ಸಲ ಬೋಲ್ಟಿನ ತೂತು ಕೊರೆಯಿರಿ, ಎರಡೂ ಸರಿಯಾಗಿ ಕೂಡಲು ಹಿತ್ತಾಳೆ ಡೋವೆಲ್ (ಗೂಟ) ಕೂರಿಸಿ. ಆಮೇಲೆ ಹಳಿಯ ಕೆಳಗೆ, ಗೆರೆಯ ಎರಡೂ ಬದಿಗೆ, ಹಿತ್ತಾಳೆ ಸ್ಕ್ರೂ ಇಳಿಸಿ ಹಳಿಯನ್ನು ಅದರ ತಲೆಗೆ ಸಾಲ್ಡರ್ ಮಾಡಿ. ಇಷ್ಟಾದ ಮೇಲೆ ಹಳಿಯನ್ನು ತೆಳು ಡಿಸ್ಕ್‌ನಿಂದ ಕತ್ತರಿಸಿ, ಕೊನೆಗೆ ಮರ. ಹೀಗೆ ಮಾಡಿದರೆ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಹಳಿ ಹಳಿಗೆ ಕೂಡುತ್ತದೆ. ಹಳಿ ಕವಲೊಡೆಯುವ ಪಾಯಿಂಟ್ ಇರುವ ಜಾಗದಲ್ಲಿ ಮಾತ್ರ ಗೆರೆ ಹಾಕಬೇಡಿ. ಸೇತುವೆಯ ಅಬಟ್‌ಮೆಂಟ್ (ತುದಿಯ ಗೋಡೆ) ಪಕ್ಕ ಆದರೆ ಗೆರೆ ಕಣ್ಣಿಗೆ ಬೀಳುವುದಿಲ್ಲ.
ವೈರಿಂಗ್‌ಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುವ 15 ಪಿನ್ನಿನ ಡಿ ಕನೆಕ್ಟರ್ ಸಾಕು. ಟ್ರ್ಯಾಕ್ ಕರೆಂಟಿಗೆ ಎರಡೆರಡು ಪಿನ್ ಸೇರಿಸಿ ಕೊಡಿ.

ಬ್ರೇಕ್‌ವ್ಯಾನ್:
ಕತ್ತರಿಸಬಾರದು ಅಂತ ನನ್ನ ಮಾತು. ಮರ ಕೊಯ್ಯುವುದು ಕಷ್ಟ ಅಂತ ಹೇಳುತ್ತಿಲ್ಲ. ಮನೆಯ ಲೇಔಟ್ ಮನೆಯವರಿಗೆ ಕಟ್ಟಿದ್ದು. ನೀವು ಕೂತು ನೋಡುತ್ತೀರಿ, ಗಾಡಿ ಸುರಂಗದೊಳಗೆ ಹೋಗಿ ನಿಂತರೆ ಕೈ ಹಾಕಿ ತೆಗೆದು ಮತ್ತೆ ಇಡುತ್ತೀರಿ. ಮೇಳದಲ್ಲಿ ಜನ ನಿಂತು ನೋಡುತ್ತಾರೆ, ಎರಡು ನಿಮಿಷದಲ್ಲಿ ಮುಂದೆ ಹೋಗುತ್ತಾರೆ. ಆ ಎರಡು ನಿಮಿಷ ಹಳಿ ಖಾಲಿ ಇದ್ದರೆ ಮುಗಿಯಿತು. ನಿಮ್ಮದು ಎರಡು ಕಡೆಯೂ ಮುಚ್ಚಿದ ಲೇಔಟ್. ಸುತ್ತು ಹೊಡೆಯುವ ಓವಲ್ ಹೊಸದಾಗಿ ಕಟ್ಟಿ, ಗಾಡಿ ಬಿಡಿ, ನೀವು ಜನರ ಜೊತೆ ಮಾತಾಡಿ.

ಪಾಯಿಂಟ್ಸ್‌ಮನ್:
ಓವಲ್ ಅಂತ ಹೇಳುವುದು ಸುಲಭ ಸರ್. ಎಚ್‌ಓನಲ್ಲಿ ನಮ್ಮ ಐಸಿಎಫ್ (ಚೆನ್ನೈ ಕಾರ್ಖಾನೆಯ) ಬೋಗಿ ಹೆಚ್ಚು ಕಡಿಮೆ 25 ಸೆಂ.ಮೀ. ಅದು ನೋಡಲು ಚೆನ್ನಾಗಿ ತಿರುಗಬೇಕಾದರೆ 60 ಸೆಂ.ಮೀ. ರೇಡಿಯಸ್ ಆದರೂ ಬೇಕು. ಅಂದರೆ ತುದಿಯ ಹಲಗೆಗಳು ನಾಲ್ಕು ಅಡಿಗಿಂತ ಅಗಲ. ಅದನ್ನೂ ಮೆಟ್ಟಿಲಲ್ಲೇ ಇಳಿಸಬೇಕಲ್ವಾ?

ಮೀಟರ್‌ಗೇಜ್:
ಹೊಸದು ಕಟ್ಟುವ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ನೀವು ಓಡಿಸುತ್ತಿರುವುದು 16.5ರ ಮೇಲೆ. ಎದುರಿನಿಂದ ಫೋಟೋ ತೆಗೆದರೆ ಇಂಜಿನ್ ಮೈ ದಪ್ಪ, ಕಾಲು ಒತ್ತೊತ್ತಾಗಿ ಕಾಣುತ್ತದೆ. ಆ ಘಾಟಿ 1979ರಲ್ಲಿ ಶುರುವಾದಾಗ ಇದ್ದದ್ದು ಮೀಟರ್‌ಗೇಜ್. 1996ರಲ್ಲಿ ಮುಚ್ಚುವ ತನಕ ಅದೇ. ಮೀಟರ್‌ಗೇಜನ್ನು 87ರಿಂದ ಭಾಗಿಸಿ, 11.5 ಬರುತ್ತದೆ. 12 ಮಿ.ಮೀ. ಹಳಿ ರೆಡಿಮೇಡ್ ಸಿಗುತ್ತದೆ. ಕಟ್ಟುವುದಾದರೆ ಆ ಕಾಲ ಕಟ್ಟಿ. ವೈಡಿಎಂ-4 ಡೀಸೆಲ್ ಇಂಜಿನ್, ಕೆಂಪು ಬೋಗಿ, ಅದೇ ಯಡಕುಮರಿ.

ಕರಾವಳಿಕೂಸು:
12 ಮಿ.ಮೀ. ಹಳಿ ಸಿಗುತ್ತದೆ ಅಣ್ಣ, ಅದರ ಮೇಲೆ ಓಡಿಸಲು ಏನು ಸಿಗುತ್ತದೆ? ಅಂಗಡಿಯಲ್ಲಿ ಸಿಗುವುದೆಲ್ಲ ಸ್ವಿಟ್ಜರ್‌ಲೆಂಡಿನ ರೇಟಿಯನ್ ರೈಲಿನ ಕೆಂಪು ಗಾಡಿ. ಶಿರಾಡಿ ಕಾಡಿನಲ್ಲಿ ಆಲ್ಪ್ಸ್ ಗಾಡಿ ಬಿಡಲೇ?

ಮೀಟರ್‌ಗೇಜ್:
ಟಿಟಿ ಅಳತೆಯ, ಅಂದರೆ 1:120ರ ಗಾಡಿಗಳ ಹಳಿಯೂ 12 ಮಿ.ಮೀ. ಅದರ ಚಾಸಿ, ಅಂದರೆ ಚಕ್ರವಿರುವ ಕೆಳಭಾಗ ತರಿಸಿ, ಮೇಲಿನ ಮೈಯನ್ನು 1:87ಕ್ಕೆ ತ್ರೀಡಿ ಪ್ರಿಂಟ್ ಮಾಡಿಸಬಹುದು. ಕೆಲಸ ಇದೆ, ಇಲ್ಲ ಅನ್ನುವುದಿಲ್ಲ.

ಬ್ರೇಕ್‌ವ್ಯಾನ್:
ಡಿಸೆಂಬರ್ ಅಂತ ಹೇಳಿದ್ದಾರೆ. ಯಾವ ವರ್ಷದ್ದು ಅಂತ ಕೇಳಿಕೊಳ್ಳಿ 😄

ಕರಾವಳಿಕೂಸು:
ಹಳಿಯ ಅಗಲ ಅಳೆಯಲು ಮೇಳಕ್ಕೆ ಯಾರೂ ಸ್ಕೇಲ್ ಹಿಡಿದು ಬರಲ್ಲ. ಜನ ಕೇಳುವುದು ಒಂದೇ, "ಇದು ಎಲ್ಲಿ?" ಹಳದಿ ಬೋರ್ಡಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಸರಿಯಾಗಿ ಬರೆದು, ಕೆಳಗೆ ಸಮುದ್ರಮಟ್ಟದ ಎತ್ತರ ಹಾಕಿ. ಅಷ್ಟು ನೋಡಿದ ಕೂಡಲೇ ಮಂಗಳೂರು ಕಡೆಯವರು ಅಲ್ಲೇ ನಿಲ್ಲುತ್ತಾರೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದ್ದರೆ ಇನ್ನೂ ಒಳ್ಳೆಯದು. 2021ರಿಂದ ಅದರಲ್ಲಿ ಹೋಗಿ ಬಂದವರು ಜಾಸ್ತಿ ಇದ್ದಾರೆ. ಮೀಟರ್‌ಗೇಜ್ ನೋಡಿದ ನೆನಪು ಈಗಿನ ಕಾಲೇಜು ಮಕ್ಕಳಿಗೆ ಎಲ್ಲಿಂದ ಬರಬೇಕು?
ಕತ್ತರಿಸುವುದಕ್ಕೆ ನನ್ನ ಮತ. ಆದರೆ ತೇವ ನೆನಪಿರಲಿ. ಮಳೆಗಾಲದಲ್ಲಿ ಉಬ್ಬಿದ ಪ್ಲೈಯನ್ನು ಆಗಲೇ ಕತ್ತರಿಸಿದರೆ ಡಿಸೆಂಬರ್‌ನಲ್ಲಿ ಒಣಗಿ ಸಂದು ಬಿಡುತ್ತದೆ. ಮಳೆ ನಿಂತ ಮೇಲೆ ಕತ್ತರಿಸಿ. ಕೊಯ್ದ ಅಂಚಿಗೆ ಅದೇ ದಿನ ವಾರ್ನಿಷ್ ಹೊಡೆಯಿರಿ.

ಘಾಟಿಗಾಡಿ:
ಗೇಜ್ ವಿಷಯ ಗೊತ್ತಿದ್ದೇ ಬಿಟ್ಟಿದ್ದು. 1:100ಕ್ಕೆ ಕಟ್ಟಿದರೆ ಬ್ರಾಡ್‌ಗೇಜ್ 16.76 ಆಗುತ್ತದೆ, ಇದೇ ಹಳಿ ಸರಿಹೊಂದುತ್ತದೆ. ಆದರೆ ಆಗ ಬೋಗಿ, ಇಂಜಿನ್, ಮನುಷ್ಯರು, ಎಲ್ಲವನ್ನೂ ನಾನೇ ಮಾಡಬೇಕು. ಅಷ್ಟು ಆಯುಸ್ಸಿಲ್ಲ. ಬ್ರೇಕ್‌ವ್ಯಾನ್ ಸರ್ ಹೇಳಿದ ಖಾಲಿ ಹಳಿಯ ಮಾತೇ ನನಗೆ ಕೊರೆಯುತ್ತಿರುವುದು. ಘಾಟಿಯಲ್ಲಿ ವೇಗ ಗಂಟೆಗೆ 30 ಕಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ ಸೆಕೆಂಡಿಗೆ 9.6 ಸೆಂ.ಮೀ. ಒಂದು ಇಂಜಿನ್, ಐದು ಬೋಗಿ ಒಂದು ಸುರಂಗದಿಂದ ಬಂದು ಇನ್ನೊಂದರೊಳಗೆ ಮರೆಯಾಗಲು ಒಂದು ನಿಮಿಷವೂ ಬೇಡ. ಆಮೇಲೆ?

ಪಾಯಿಂಟ್ಸ್‌ಮನ್:
ಆಮೇಲೆ ಫಿಡ್ಲ್ ಯಾರ್ಡ್. ಎರಡು ಸುರಂಗದ ಆಚೆಗೂ ಜನರಿಗೆ ಕಾಣದ ಒಂದೊಂದು ಹಲಗೆ. ಅದರ ಮೇಲೆ ಡ್ರಾಯರಿನ ಚಾನೆಲ್ ಹಾಕಿದ ಜಾರುವ ತಟ್ಟೆ, ತಟ್ಟೆಯಲ್ಲಿ ನಾಲ್ಕು ಹಳಿ. ಬಂದ ಗಾಡಿ ಒಂದರಲ್ಲಿ ನಿಂತರೆ ತಟ್ಟೆ ಜಾರಿಸಿ ಇನ್ನೊಂದನ್ನು ಬಿಡಿ. ಆ ಕಡೆ ತಮ್ಮ, ಈ ಕಡೆ ನೀವು.

ಬ್ರೇಕ್‌ವ್ಯಾನ್:
ಇಬ್ಬರೂ ತೆರೆಯ ಹಿಂದೆ ಇದ್ದರೆ ಜನರ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ಊಟಕ್ಕೆ ಹೋಗುವವರು ಯಾರು? ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ಇದೆ. ಅಲ್ಲಿ ದೀಪ, ವಿವರಣೆ ಎಲ್ಲ ಸೇರಿಸಿ ಒಂದು ಶೋ ನಡೆಸುತ್ತಾರೆ. ಗಾಡಿ ಓಡುತ್ತಿದೆ ಅಂತಷ್ಟೇ ಜನ ಕೂರಲ್ಲ, ಏನು ಆಗುತ್ತಿದೆ ಅಂತ ಯಾರೋ ಹೇಳುತ್ತಿರಬೇಕು.

ಕರಾವಳಿಕೂಸು:
ಅದು ಜಾಗ ಬಿಟ್ಟು ಕದಲದ ಲೇಔಟ್ ಸರ್. ಹೊತ್ತು ತಂದದ್ದಕ್ಕೂ ಅದಕ್ಕೂ ಹೋಲಿಕೆ ಬೇಡ. ಆದರೆ ವಿವರಣೆಯ ಮಾತು ಒಪ್ಪಿದೆ.
ನನಗೊಂದು ಯೋಚನೆ ಬಂತು. ಇದು ವಿಜ್ಞಾನ ಮೇಳ. ನಿಮ್ಮ ಹತ್ತಿರ ಕ್ಯಾಚ್ ಸೈಡಿಂಗ್ ಇದೆ. ಅದನ್ನೇ ತೋರಿಸಿ! ಘಾಟಿ ಇಳಿಯುವ ಗಾಡಿಗೆ ಬ್ರೇಕ್ ಹಿಡಿಯದಿದ್ದರೆ ಅದು ಸ್ಟೇಷನ್ನಿಗೆ ನುಗ್ಗಬಾರದು ಅಂತ ಪಾಯಿಂಟನ್ನು ಮೊದಲೇ ಒಂದು ಕಡಿದಾದ ಏರಿನ ಕಡೆಗೆ ತಿರುಗಿಸಿ ಇಟ್ಟಿರುತ್ತಾರೆ. ಗಾಡಿ ನಿಂತಿತು, ಹತೋಟಿಯಲ್ಲಿದೆ ಅಂತ ಖಾತ್ರಿಯಾದ ಮೇಲೇ ಮೇನ್ ಲೈನಿಗೆ ತಿರುಗಿಸುವುದು. ರೈಲಲ್ಲಿ ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಇಂಜಿನ್ ಇಲ್ಲದ ವ್ಯಾಗನ್ ಒಂದನ್ನು ಮೇಲಿನಿಂದ ಬಿಡಿ. ಅದು ಉರುಳಿ ಬಂದು ಏರು ಹತ್ತಿ ನಿಲ್ಲಲಿ. ಮಕ್ಕಳು "ಇನ್ನೊಂದ್ಸಲ" ಅನ್ನದಿದ್ದರೆ ಕೇಳಿ. ಓವಲ್ ಬೇಡ, ಆ ತುದಿಗೆ ಇಡೀ ದಿನ ಒಬ್ಬರು ಬೇಡ.

ಘಾಟಿಗಾಡಿ:
ಇದು ತಲೆಗೆ ಹೊಳೆದಿರಲೇ ಇಲ್ಲ. ನನ್ನ ಮೇನ್ ಲೈನ್ ನಿಜವಾದ ಘಾಟಿಯ ಹಾಗೇ 1:50 ಇಳಿಜಾರು. ಸೂಜಿಮೊನೆ ಅಚ್ಚಿನ ವ್ಯಾಗನ್ ತಾನಾಗೇ ಉರುಳುತ್ತದೆ, ಹಿಡಿದು ನಿಲ್ಲಿಸುವುದೇ ಕಷ್ಟ.

ಮೀಟರ್‌ಗೇಜ್:
ನನಗೆ ಇದು ಹಿಡಿಸಲಿಲ್ಲ. ಅಲ್ಲಿ 57 ಸುರಂಗ, ನೂರಕ್ಕೂ ಮೀರಿ ಸೇತುವೆ. ಗೂಡ್ಸ್ ಏರಬೇಕಾದರೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳಬೇಕು. ಇಷ್ಟೆಲ್ಲ ಬಿಟ್ಟು ಬ್ರೇಕ್ ಫೇಲಾದ ವ್ಯಾಗನ್ ತೋರಿಸುವುದಾ? ನೋಡಿದವರು ಘಾಟಿಯಲ್ಲಿ ದಿನಾ ಹೀಗೇ ಆಗುತ್ತದೆ ಅಂದುಕೊಂಡು ಹೋಗುತ್ತಾರೆ.

ಕರಾವಳಿಕೂಸು:
ಆಗದಿರಲಿ ಅಂತಲೇ ಅದನ್ನು ಕಟ್ಟಿದ್ದಾರೆ ಅಂತ ಒಂದು ಸಾಲು ಹೇಳಿದರೆ ಆಯಿತು. ನಡುನಡುವೆ ಬ್ಯಾಂಕರ್ ಗಾಡಿಯನ್ನೂ ಬಿಡಲಿ, ಬೇಡ ಅಂದವರು ಯಾರು?

ಬ್ರೇಕ್‌ವ್ಯಾನ್:
ಸರಿ, ಇದಾದರೆ ಕತ್ತರಿಸುವುದಕ್ಕೆ ನನ್ನ ತಕರಾರಿಲ್ಲ. ಓವಲ್ ಕೇಳಿದ್ದು ಜನರನ್ನು ನಿಲ್ಲಿಸಲು, ಈ ಆಟ ಆ ಕೆಲಸ ಮಾಡುತ್ತದೆ. ಆದರೆ ಇಳಿಜಾರನ್ನೇ ನಂಬಿಕೊಂಡ ಆಟಕ್ಕೆ ಮೇಳದ ಸಭಾಂಗಣದ ನೆಲ ಮಟ್ಟ ಇರಬೇಕು. ನಾಲ್ಕು ಅಡಿಗೆ ನೆಲ ಒಂದು ಸೆಂ.ಮೀ. ಇಳಿದಿದ್ದರೆ ನಿಮ್ಮ 1:50 ಹೋಗಿ 1:35 ಆಗುತ್ತದೆ. ವ್ಯಾಗನ್ ಸೈಡಿಂಗ್ ದಾಟಿ ಯಾರದ್ದೋ ಮಡಿಲಿಗೆ ಬೀಳುತ್ತದೆ. ಪ್ರತಿ ಕಾಲಿನ ಬುಡಕ್ಕೂ ತಿರುಗಿಸಿ ಎತ್ತರಿಸುವ ಬೋಲ್ಟ್ ಹಾಕಿ, ಮೇಸ್ತ್ರಿಗಳ ರಸಮಟ್ಟ ಒಯ್ಯಿರಿ. ಸೈಡಿಂಗ್ ಕೊನೆಗೆ ಸ್ಪಾಂಜ್ ತುಂಡು. ಮುಂದೆ ಒಂದು ಗೇಣು ಎತ್ತರದ ಅಕ್ರಿಲಿಕ್ ಶೀಟ್ ಇರಲೇಬೇಕು, ಮಕ್ಕಳ ಕೈ ಸುಮ್ನೆ ಇರಲ್ಲ. ಹಲಗೆಯ ಎತ್ತರ ಮೂರು ಅಡಿ ಸಾಕು. ದೊಡ್ಡವರು ಬಗ್ಗಿ ನೋಡಲಿ.

ಪಾಯಿಂಟ್ಸ್‌ಮನ್:
ಬೆಳಗ್ಗೆ ಶುರು ಮಾಡುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಹಳಿ ಒರೆಸಿ. ಜನ ನಡೆದಾಡುವ ಸಭಾಂಗಣದ ಧೂಳಿಗೆ ಮಧ್ಯಾಹ್ನ ಇನ್ನೊಮ್ಮೆ ಬೇಕಾಗುತ್ತದೆ. ಕಂಟ್ರೋಲರಿಗೆ ಒಂದು ಚಿಕ್ಕ ಯುಪಿಎಸ್ ಇಡಿ. ಮೇಳಗಳಲ್ಲಿ ಜನರೇಟರ್ ಬದಲಾಯಿಸುವಾಗ ಕರೆಂಟ್ ಹೋಗಿ ಬರುತ್ತದೆ.

ಘಾಟಿಗಾಡಿ:
ಹಾಗಾದರೆ ಕತ್ತರಿಸುತ್ತೇನೆ. ಒಂದು ಗೆರೆ ಸೇತುವೆ ಪಕ್ಕ, ಇನ್ನೊಂದು ಲೂಪ್ ಮುಗಿದ ಮೇಲೆ. ಫಿಡ್ಲ್ ಯಾರ್ಡ್ ಮೇಲಿನ ತುದಿಗೆ ಒಂದೇ. ಕೆಳಗಿನ ತುದಿಯಲ್ಲಿ ಗಾಡಿ ಸುರಂಗದೊಳಗೆ ಹೋಗಿ ನಿಂತು ವಾಪಸ್ ಬರಲಿ. ಕೊನೆಯ ಪ್ರಶ್ನೆ: ಅಡ್ಡಪಟ್ಟಿಗೆ 12 ಮಿ.ಮೀ. ಪ್ಲೈ ಸಾಕೇ, 18 ಬೇಕೇ?

ಪಾಯಿಂಟ್ಸ್‌ಮನ್:
12 ಸಾಕು, ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈ ಆಗಿರಲಿ. 18 ಹಾಕಿದರೆ ಹೊರುವವನು ನಿಮ್ಮ ತಮ್ಮ.

ಮೀಟರ್‌ಗೇಜ್:
ವ್ಯಾಗನ್ ಬಿಡುವುದೇ ಆದರೆ ನಾಲ್ಕು ಚಕ್ರದ್ದು ಬೇಡ, ಎಂಟು ಚಕ್ರದ್ದು ಬಿಡಿ. ನಾಲ್ಕು ಚಕ್ರದ್ದು ಈಗ ಆ ಲೈನಿನಲ್ಲಿ ಎಲ್ಲಿದೆ?