ಕಾರು ರಸ್ತೆಯಲ್ಲೇ ನಿಲ್ಲುತ್ತದೆ, ಕಳುವಾಗದಂತೆ ನೀವು ಏನು ಮಾಡಿದ್ದೀರಿ?

ಪ್ರಶ್ನೆ (ಸರಸ್ವತಿ ನಗರ, ದಾವಣಗೆರೆ): ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಯಿತು. ಕಾಂಪೌಂಡಿನೊಳಗೆ ಮಾಲೀಕರ ಕಾರು, ಹೊರಗೆ ನಮ್ಮದು. ಹೋದ ವಾರ ಹಿಂದಿನ ಬೀದಿಯಲ್ಲಿ ಒಂದು ಕಾರು ಕಳುವಾಗಿದೆ. ನಮ್ಮದು ಎರಡನೆಯ ಕೈಯಿಂದ ಕೊಂಡ ಗಾಡಿ. ಜಿಪಿಎಸ್ ಹಾಕಿಸಲೇ, ಸ್ಟೀರಿಂಗ್ ಲಾಕ್ ಸಾಕೇ? ಅನುಭವವಿದ್ದವರು ಹೇಳಿ.

ನಿಟ್ಟುವಳ್ಳಿಯವರು: ಬೆಳಿಗ್ಗೆ ಐದೂವರೆಗೆ ಹಾಲು ತರಲೆಂದು ಗೇಟು ತೆಗೆದರೆ ಕಾರು ಇಲ್ಲ. ರಾತ್ರಿ ಮಳೆಯಾಗಿ ಬೀದಿಯೆಲ್ಲ ಒದ್ದೆ, ಕಾರಿನ ಅಳತೆಯಷ್ಟು ನೆಲ ಮಾತ್ರ ಒಣಗಿತ್ತು. ಮಳೆ ನಿಂತ ಮೇಲೆ ಒಯ್ದಿದ್ದಾರೆ. 3.12ಕ್ಕೆ ಹೆಬ್ಬಾಳು ಟೋಲಿನಲ್ಲಿ ಫಾಸ್ಟ್ಯಾಗ್ ಹಣ ಕಡಿತವಾದ ಸಂದೇಶ ಬಂದಿತ್ತು. ನಾನು ನಿದ್ದೆಯಲ್ಲಿದ್ದೆ. 112ಕ್ಕೆ ಕರೆ ಮಾಡುವ ಹೊತ್ತಿಗೆ ಅವರು ಹಿರಿಯೂರು ದಾಟಿರಬೇಕು.

ಎಫ್‌ಐಆರ್ ಅಂದೇ ಆಯಿತು. ಪತ್ತೆಯಾಗಲಿಲ್ಲ ಎಂಬ ಸಿ ರಿಪೋರ್ಟ್ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟೂ ತಿಂಗಳು ಕಂತು ಕಟ್ಟಿದೆ, 9,800ರಂತೆ 68,600. ವಿಮೆಯವರು ಎರಡೂ ಕೀ ಕೇಳಿದರು. ಒಂದನ್ನು ವಾಟರ್ ಸರ್ವಿಸ್‌ನವರು ಕಳೆದು ಎರಡು ವರ್ಷವಾಗಿತ್ತು. ಅದಕ್ಕೊಂದು ಪ್ರಮಾಣಪತ್ರ, ನೋಟರಿ, ಮೂರು ಸಲ ಓಡಾಟ. ಐದನೆಯ ದಿನ ತಿಳಿಸಿದಿರಿ, ತಡವಾಯಿತು ಎಂದು ತಕರಾರು ಬೇರೆ. ದೂರು ತಕ್ಷಣ ದಾಖಲಾಗಿದ್ದರೆ ವಿಮಾ ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿ ಇಟ್ಟ ಮೇಲೆ ಬಾಯಿ ಮುಚ್ಚಿದರು. 6.80 ಲಕ್ಷದ ಗಾಡಿಗೆ ಐದನೆಯ ವರ್ಷದ ಸವಕಳಿ ಅರ್ಧ. ಬಂದ 3.39 ಲಕ್ಷದಲ್ಲಿ 2.05 ಲಕ್ಷ ಬ್ಯಾಂಕಿಗೆ, 1.34 ಲಕ್ಷ ನನಗೆ. ಇಂದಿಗೂ ಬೈಕಿನಲ್ಲೇ ಓಡಾಡುತ್ತಿದ್ದೇನೆ.

ವಿದ್ಯಾನಗರದವರು: ಇಂಧನ ಪಂಪಿನ ವೈರಿಗೆ ಗುಪ್ತ ಸ್ವಿಚ್ ಹಾಕಿಸಿದ್ದೇನೆ. ಕೂಲಿ ಸೇರಿ 900 ರೂಪಾಯಿ. ಕಳ್ಳರು ಬಾಗಿಲು ಮೀಟಿ, ಇಗ್ನಿಷನ್ ಒಡೆದು, ಗಾಡಿ ಚಾಲೂ ಮಾಡಿಯೂಬಿಟ್ಟರು. ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ಮೂರನೆಯ ಮನೆಯ ಮುಂದೆ ನಿಂತಿತು, ಬಿಟ್ಟು ಓಡಿದರು. ರಿಪೇರಿಗೆ 7,450 ಹೋಯಿತು, ಕಾರು ಉಳಿಯಿತು. ಜಿಪಿಎಸ್ ಹಾಕಿಸಿಕೊಂಡವರು ಹೋದ ಕಾರನ್ನು ಮೊಬೈಲ್‌ನಲ್ಲಿ ನೋಡುತ್ತಾ ಕೂರಬೇಕು, ಅಷ್ಟೆ.

ಶಾಮನೂರಿನವರು: ಅಣ್ಣಾ, ದಯವಿಟ್ಟು ಈ ಸಲಹೆ ಕೊಡಬೇಡಿ. ನಾವೂ ಹೀಗೇ ವೈರ್ ಕತ್ತರಿಸಿ ಸ್ವಿಚ್ ಹಾಕಿಸಿದ್ದೆವು. ಹರಿಹರದ ಸೇತುವೆಯ ಮೇಲೆ ರಾತ್ರಿ ಒಂಬತ್ತಕ್ಕೆ ಗಾಡಿ ಕೈಕೊಟ್ಟಿತು, ಮಡಿಲಲ್ಲಿ ಜ್ವರದ ಮಗು, ಹಿಂದೆ ಲಾರಿಗಳ ಸಾಲು. ಹೊರಗಿನವರು ವೈರಿಂಗ್ ಮುಟ್ಟಿದ್ದಾರೆಂದು ವಾರಂಟಿ ಕೊಡಲಿಲ್ಲ. 14,300 ತೆತ್ತೆವು. ಈಗ 3,800ರ ಜಿಪಿಎಸ್, ವರ್ಷಕ್ಕೆ 1,200. ಬಟನ್ ಒತ್ತಿ ಚಾಲೂ ಮಾಡುವ ಗಾಡಿಯಾದ್ದರಿಂದ ಅದರ ಕೀಯನ್ನು ರಾತ್ರಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಇಲ್ಲದಿದ್ದರೆ ಬಾಗಿಲಾಚೆಯಿಂದಲೇ ಅದರ ಸಂಕೇತ ಹಿಡಿದು ಗಾಡಿ ತೆರೆಯುವವರಿದ್ದಾರೆ.

ವಿದ್ಯಾನಗರದವರು: ಕೆಲಸ ಬಾರದವನ ಕೈಯಲ್ಲಿ ಹಾಕಿಸಿ ಸ್ವಿಚ್ಚನ್ನು ದೂರಬೇಡಿ ತಂಗಿ. ನನ್ನದಕ್ಕೆ ಆರು ವರ್ಷ, ಒಂದು ದಿನವೂ ತೊಂದರೆಯಿಲ್ಲ.

ಎಂಸಿಸಿ ಬಿ ಬ್ಲಾಕಿನವರು (ನಿವೃತ್ತರು): ಮೂಲ ರೋಗವನ್ನು ಯಾರೂ ಹೇಳುತ್ತಿಲ್ಲ. 30-40ರ ಸೈಟಿನಲ್ಲಿ ಕಾರಿನ ಜಾಗಕ್ಕೂ ಬಾಡಿಗೆ ಮನೆ ಕಟ್ಟಿ, ಕಾರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸುತ್ತೀರಿ. ನಾನು ಒಂದು ಕೋಣೆ ಕಡಿಮೆ ಮಾಡಿ ಪೋರ್ಟಿಕೋ ಕಟ್ಟಿಸಿದೆ. 21,500 ಕೊಟ್ಟು ನಾಲ್ಕು ಕ್ಯಾಮೆರಾ ಹಾಕಿಸಿದೆ. ಇಡೀ ಬೀದಿಗೆ ಉಪಯೋಗ. ಆದರೂ ಎದುರು ಮನೆಯವರು, ಅದು ತಮ್ಮ ಬಾಗಿಲು ನೋಡುತ್ತದೆಂದು ಜಗಳ ತೆಗೆದರು.

ನಿಟ್ಟುವಳ್ಳಿಯವರು: ಯಜಮಾನರೇ, ಮನೆ ಕಟ್ಟಿಸಿದವರ ತಪ್ಪಿಗೆ ಬಾಡಿಗೆಗಿರುವ ನಾವೇನು ಮಾಡೋಣ? ಕಾರು ಕಳೆದುಕೊಂಡವನ ಮುಂದೆ ಗೇಟಿನ ಮಾತು ಆಡುತ್ತೀರಲ್ಲ!

ಶಾಮನೂರಿನವರು: ನಾನು ಆ ಎದುರು ಮನೆಯವರ ಪರ. ಬೆಳಗಾಗೆದ್ದು ರಂಗೋಲಿ ಹಾಕುವ ಹೆಣ್ಣುಮಕ್ಕಳು ನಿಮ್ಮ ಟಿವಿಯಲ್ಲಿ ಏಕೆ ಕಾಣಬೇಕು?

ಎಂಸಿಸಿ ಬಿ ಬ್ಲಾಕಿನವರು: ಅದನ್ನು ಅಂದೇ ರಸ್ತೆಯ ಕಡೆಗೆ ತಿರುಗಿಸಿದ್ದೇನಮ್ಮಾ. ನಾಲ್ಕು ತಿಂಗಳಾಯಿತು, ಅವರಿನ್ನೂ ನಮ್ಮೊಡನೆ ಮಾತನಾಡುವುದಿಲ್ಲ.