ಸುಬ್ರಾಯನ ಮಗನ ವಂಶವೃಕ್ಷ

ಸುಬ್ರಾಯ ಮೊಬೈಲನ್ನು ನಮ್ಮ ಮೂಗಿಗೇ ಹಿಡಿದ. ಮಗನಿಗೆ ಕರಾಟೆಯಲ್ಲಿ ಹಳದಿ ಬೆಲ್ಟ್ ಸಿಕ್ಕಿದೆ. ಸರ್ಟಿಫಿಕೇಟಿನ ತುದಿಯಲ್ಲಿ ಐದು ಗುರುಗಳ ಫೋಟೋ ಸಾಲಾಗಿ ಇತ್ತು. ಕೊನೆಯವರು ತಂಪು ಕನ್ನಡಕದ ಇವನ ಸರ್.

“ನೇರ ಜಪಾನಿನ ಓಕಿನಾವಾದಿಂದ ಇಳಿದು ಬಂದ ಪರಂಪರೆ ಮಾರಾಯ!”

“ಗೋತ್ರ ಒಂದು ಬರೆದಿದ್ರೆ ಜಾತಕ ಆಗ್ತಿತ್ತು” ಅಂದ ಗಣಪ, ಶೇಂಗಾ ಸಿಪ್ಪೆ ಊದುತ್ತಾ.

ಕಾರವಾರದ ಕಡಲ ದಂಡೆ, ಗಾಳಿಮರದ ಬುಡ, ಭಾನುವಾರದ ಸಂಜೆ. ನಮ್ಮ ಗುಂಪಿನ ನಿವೃತ್ತ ಮಾಸ್ತರು ಮೊದಲ ಫೋಟೋ ನೋಡಿದರು.

“ಇವರು ಫುನಾಕೋಶಿ ಗಿಚಿನ್. ಶಾಲೆ ಮಾಸ್ತರು! 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದಾಗ ವಯಸ್ಸು ಐವತ್ತು ದಾಟಿತ್ತು.” ‘ಶಾಲೆ ಮಾಸ್ತರು’ ಅನ್ನುವಾಗ ಬೆನ್ನು ನೆಟ್ಟಗಾಗಿತ್ತು.

“ಇವರ ಗುರು ಯಾರು?”

“ಇಬ್ಬರು. ಅಸಾತೊ ಮತ್ತು ಇತೊಸು.”

“ಇಬ್ಬರಾ? ಹಾಗಾದ್ರೆ ನೇರ ಎಲ್ಲಿ ಉಳೀತು? ಬುಡದಲ್ಲೇ ಕವಲು!”

ಸುಬ್ರಾಯನ ಮುಖ ಸಣ್ಣದಾಯಿತು. “ಬೆಲ್ಟಾದ್ರೂ ಕರಾಟೆಯದ್ದೇ ಅಲ್ವಾ?”

“ಅದೂ ಜೂಡೋದಿಂದ ಬಂದದ್ದು. 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಕಟ್ಟಿದ ಕಾನೊ ಜಿಗೊರೊ ಅವರ ಪದ್ಧತಿ. ಫುನಾಕೋಶಿ 1924ರಲ್ಲಿ ತಮ್ಮ ಶಿಷ್ಯರಿಗೂ ಕರಿ ಬೆಲ್ಟ್ ಕೊಟ್ಟರು.”

“ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದ ಹಾಗೆ” ಅಂದ ಗಣಪ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮೊಸರು ಚೆನ್ನಾಗಿ ಆದರೆ ಸಾಕಲ್ಲ.

ಮಾಸ್ತರು ಬಿಡಲಿಲ್ಲ. “1957ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆ ಯಾರು ನಡೆಸಬೇಕು ಅಂತ ಶಿಷ್ಯರಲ್ಲೇ ಜಗಳ ಆಯ್ತು.”

“ಆಸ್ತಿ ಏನಿತ್ತು?”

“ಹೆಸರು.”

“ಅದಕ್ಕೆ ತೋಟಕ್ಕಿಂತ ಜಾಸ್ತಿ ಜಗಳ ಆಗ್ತದೆ” ಅಂದ ಗಣಪ. ಅಣ್ಣನ ಜೊತೆ ಅವನದ್ದು ಹಳೇ ಕೇಸು ಇದೆ, ನಾವು ಯಾರೂ ನಗಲಿಲ್ಲ.

“ನಮ್ಮ ಹೊನ್ನಾವರದ ಕಡೆಯ ಕೆರೆಮನೆಯವರನ್ನು ನೋಡಿ” ಅಂದೆ. “ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ರು. ಆಮೇಲೆ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ. ಆಟ ನೋಡಲು ಕೂತವನು ಸರ್ಟಿಫಿಕೇಟು ಕೇಳ್ತಾನಾ? ಕುಣಿತ ನೋಡ್ತಾನೆ.”

“ಹಾಗಾದ್ರೆ ಹುಡುಗನ ಕುಣಿತವನ್ನೇ ನೋಡೋಣ” ಅಂದ ಗಣಪ.

ನೀರಲ್ಲಿ ಆಡುತ್ತಿದ್ದ ಹುಡುಗನನ್ನು ಕರೆದೆವು. ಒದ್ದೆ ಚಡ್ಡಿಯಲ್ಲೇ ಬಂದ. ಸೊಂಟ ಬಗ್ಗಿಸಿ ನಮಸ್ಕರಿಸಿ, ಗಾಳಿಗೆ ಒಂದು ಒದೆ ಕೊಟ್ಟ. ಮರಳು ಹಾರಿ ಶೇಂಗಾ ಪೊಟ್ಟಣಕ್ಕೆ ಬಿತ್ತು, ಕಾಲು ಮಾತ್ರ ಎತ್ತಿದಲ್ಲೇ ಅಲುಗಾಡದೆ ನಿಂತಿತು. ಮಾಸ್ತರು ಚಪ್ಪಾಳೆ ತಟ್ಟಿದರು.

“ಇದು ಸರ್ ಕಲಿಸಿದ್ದಾ?”

“ಅಲ್ಲ, ಕ್ಲಾಸಿನ ಅಕ್ಕ ಕಲಿಸಿದ್ದು. ಸರ್ ಪರೀಕ್ಷೆ ದಿನ ಬರ್ತಾರೆ.”

ಸುಬ್ರಾಯ ಮೊಬೈಲು ಎಳೆದು ಎಳೆದು ದೊಡ್ಡದು ಮಾಡಿದ. “ಅಕ್ಕ ಇದರಲ್ಲಿ ಎಲ್ಲಿದ್ದಾರೋ?”

“ಸರ್ ಫೋಟೋ ತೆಗೆದದ್ದೇ ಅಕ್ಕ.”